ಆಸ್ಯಮ್ಮನ ಡಬ್ಬಿ

ಡಾಕ್ಟ್ರು ಚೀಟಿ ಬರೆದ ದಿನವೇ ಸುಗಂಧಿ
ಇದ್ದ ಸಕ್ಕರೆಯನ್ನೆಲ್ಲ ಇರುವೆಗಳಿಗೆ ಬಿಟ್ಟಳು.
ಬೆಲ್ಲದ ಅಚ್ಚು ತಂಗಿಯ ಮನೆಗೆ ಹೋಯಿತು.
ಬೋಳಾರದ ಈ ಎರಡು ಕೋಣೆಯಲ್ಲಿ
ಸಿಹಿ ಎಂದರೆ ಆಮೇಲೆ ಒಂದು ಬಿಳಿ ಪೊಟ್ಟಣ:
ಮರದಿಂದ ತೆಗೆದದ್ದಂತೆ, ರಕ್ತಕ್ಕೆ ಏರುವುದಿಲ್ಲವಂತೆ,
ಸಾವಿರದ ಇನ್ನೂರು ರೂಪಾಯಿ.

ಅದನ್ನೇ ಹಾಕಿ ರಾಗಿ ಮಣ್ಣಿ ಮಾಡಿದಳು, ಎರಡು ವರ್ಷದ ಮೇಲೆ,
ಬಟ್ಟಲಿಗೆ ಹೊಯ್ದು, ಆರಿಸಿ, ಕೊಯ್ದು.
ಮೂಲೆಯ ತುಂಡು ಮೇಜಿನಡಿಗೆ.
ಚಿಮಿಣಿ ನೆಲಕ್ಕೆ ಬೀಳಗೊಡದೆ ಬಾಯಲ್ಲೇ ಹಿಡಿದಳು,
ಇನ್ನೊಂದು ಎಂದು ನನ್ನ ಮೊಣಕಾಲಿಗೆ ಗದ್ದ ಇಟ್ಟಳು.
ಕೊಟ್ಟೆ.

ಅರ್ಧ ಗಂಟೆ ಆಗಿರಲಿಲ್ಲ,
ಅಮಲೇರಿದವಳ ಹಾಗೆ ಗೋಡೆ ಸವರಿಕೊಂಡು ನಡೆದಳು,
ವಾಂತಿ ಮಾಡಿದಳು, ಕಾಲು ಮಡಚಿ ಬಿದ್ದಳು.
ಪೊಟ್ಟಣದ ಬೆನ್ನಿನ ಸಣ್ಣ ಅಕ್ಷರ, ಕ್ಸೈಲಿಟಾಲ್,
ಸುಗಂಧಿ ಕೂಡಿಸಿ ಕೂಡಿಸಿ ಓದಿದ್ದೇ ತಡ
ಫೋನಿನ ಆಚೆ ನಾಯಿ ಡಾಕ್ಟ್ರು ಕೂಗಿದರು:
"ಅವಳ ಸಕ್ಕರೆ ಇಳೀತಾ ಉಂಟು! ಪಾಕ ಮಾಡಿ ಒಸಡಿಗೆ ಉಜ್ಜಿ,
ಉಜ್ಜುತ್ತಲೇ ರಿಕ್ಷಾ ಹತ್ತಿ."

ನನ್ನದು ಏರುವ ಕಾಯಿಲೆ, ಅವಳದು ಇಳಿಯುವುದು.
ಮನೆಯಲ್ಲಿ ಒಂದು ಹರಳು ಸಕ್ಕರೆ ಇಲ್ಲ.
ಅಂಗಡಿ ಮುಚ್ಚಿತ್ತು. ಉಳಿದದ್ದು ಆ ಒಂದು ಬಾಗಿಲು,

ಏಳು ವರ್ಷ ನಾನು ತಟ್ಟದ್ದು.
ನಮ್ಮ ಹಳೆಯ ಬೊಗ್ಗು ಕೆಂಪು ಮೂತ್ರ ಹೊಯ್ದು ಸತ್ತಾಗ
ವಿಷ ಹಾಕಿದ್ದು ಮೋನಾಕನೇ ಎಂದು
ರಸ್ತೆಯಲ್ಲಿ ನಿಂತು ಹೇಳಿದವ ನಾನು.
ಆತ ತೀರಿಕೊಂಡಾಗಲೂ ಕಿಟಕಿಯಿಂದಲೇ ನೋಡಿದೆ.

ಆಸ್ಯಮ್ಮ ಬಾಗಿಲು ತೆರೆದರು. "ಸಕ್ಕರೆ" ಎಂದೆ.
ಯಾಕೆ ಎನ್ನಲಿಲ್ಲ. ಚಮಚ ಹುಡುಕಲಿಲ್ಲ.
ಡಬ್ಬಿಯನ್ನೇ ಕೊಟ್ಟರು.

ಬೆಳಗಿನವರೆಗೆ ಗ್ಲೂಕೋಸ್ ತೊಟ್ಟಿಕ್ಕಿತು.
ಚಿಮಿಣಿ ಬಾಲದ ತುದಿ ಒಮ್ಮೆ ಆಡಿಸಿದಳು.
ಡಾಕ್ಟ್ರು ಕೈ ತೊಳೆಯುತ್ತ, ಬೇರೇನೋ ಹೇಳುವಾಗ ಇದನ್ನೂ ಹೇಳಿದರು:
ಚಾಕಲೇಟು ಬೇಡ, ದ್ರಾಕ್ಷಿ ಬೇಡ, ಒಣಗಿದ್ದೂ ಬೇಡ,
ನೀರುಳ್ಳಿ ಹಸಿಯಾಗಲಿ ಬೆಂದದ್ದಾಗಲಿ ಬೇಡವೇ ಬೇಡ,
ರಕ್ತ ಒಡೆಯುತ್ತದೆ, ಮೂತ್ರ ಕೆಂಪಾಗುತ್ತದೆ.

ಕೆಂಪಾ? ಎಂದೆ.

ಅತ್ತಿಗೆಯ ಮಗನ ಮದುವೆ. ಮಿಕ್ಕಿದ ನೀರುಳ್ಳಿ ಬಜೆ,
ಅರ್ಧ ಬಕೆಟ್ಟು. ಮೂರು ದಿನ ಬೊಗ್ಗುವಿಗೆ
ನಾನೇ, ಈ ಕೈಯಲ್ಲೇ, ತಿನ್ನು ಮಗಾ ಎಂದು.

ಡಬ್ಬಿ ಇನ್ನೂ ನಮ್ಮಲ್ಲಿದೆ.
ಬರಿದು ಹಿಂದೆ ಕೊಡಬಾರದು, ಸುಗಂಧಿ ಹೇಳುತ್ತಾಳೆ,
ಸಕ್ಕರೆ ತುಂಬಿಸಿ ಕೊಟ್ಟು ಬನ್ನಿ.
ಎರಡು ಸಲ ಅವರ ಗೇಟಿನವರೆಗೆ ಹೋಗಿ ಬಂದೆ.
ಸಕ್ಕರೆಗೆ ಸಕ್ಕರೆ ಸರಿಹೋಗುತ್ತದೆ, ಅಷ್ಟೇ.
ಚಿಮಿಣಿ ಹಿಂದೆಯೇ ಬರುತ್ತಾಳೆ,
ಮುಚ್ಚಳ ಮೂಸಿ ನನ್ನ ಮುಖ ನೋಡುತ್ತಾಳೆ.