ಏನು ಮಾರ್ತೀಯ?

ಹಳದಿ ಬಣ್ಣ ಉದುರಿದ ಹಳೇ ಶಾಲಾ ಬಸ್ಸು
ಮಂಜಿನೊಳಗೆ ನನ್ನನ್ನಿಳಿಸಿ, ಕೆಮ್ಮಿ, ಹೊರಟೇಹೋಯಿತು.
ಕುಚುಮತಾನೆಸ್ ಬೆಟ್ಟಸಾಲು. ಉಸಿರು ಇಲ್ಲಿ ಚಿಲ್ಲರೆ ಕಾಸು,
ಎಣಿಸೆಣಿಸಿ ಖರ್ಚು ಮಾಡಬೇಕು.
ಊರು ಎರಡೇ ತಿರುವು ಕೆಳಗೆ ಅಂದಿದ್ದ ಕಂಡಕ್ಟರ್.
ಮೊದಲ ತಿರುವಿಗೇ
ಬೆನ್ನುಚೀಲದ ಎಡಪಟ್ಟಿ ಪಟಾರನೆ ಕಿತ್ತು
ಹದಿನೆಂಟು ಕಿಲೋ ಕೆಸರಲ್ಲಿ ಕೂತಿತು.

ಹಿಂದಿನಿಂದ ಒಂದು ಸೌದೆ ಹೊರೆ ನಡೆದು ಬಂತು.
ಹೊರೆಯ ಕೆಳಗೆ ಪ್ಲಾಸ್ಟಿಕ್ ಚಪ್ಪಲಿ,
ಹೊರೆಯ ಮುಂದೆ ಒಂದು ಹಣೆ, ಹಣೆಗಡ್ಡ ಚರ್ಮದ ಪಟ್ಟಿ,
ಅದರಡಿ ಎರಡು ಕಣ್ಣು: ಹಿಲಾರಿಯಾ ಕಾಲ್ಮೊ.
ವಯಸ್ಸು ಅರವತ್ತೋ ಎಪ್ಪತ್ತೋ,
ಕಾಗದ ಒಂದು ಹೇಳುತ್ತೆ, ಮೊಣಕಾಲು ಒಂದು.
ಅವಳ ಸ್ಪ್ಯಾನಿಷ್ಷೂ ನನ್ನದರಷ್ಟೇ ಕುಂಟು;
ಕುಂಟರಿಬ್ಬರು ಹೆಗಲು ಕೊಟ್ಟುಕೊಂಡ ಹಾಗೆ ಮಾತು ನಡೆಯಿತು.

ಏನು ಮಾರ್ತೀಯ?
ಏನೂ ಇಲ್ಲ.
ಕೊಳ್ಳೋಕೆ ಬಂದೆಯಾ?
ಇಲ್ಲ.
ಯಾರಾದರೂ ಸತ್ತರಾ?
ಅಯ್ಯೋ ಇಲ್ಲ. ಸುಮ್ಮನೆ, ನೋಡೋಕೆ.
ಮತ್ತೆ ಇಷ್ಟು ಯಾಕೆ ಹೊತ್ತೆ?

ಆರು ತಿಂಗಳ ಪಾಠದಲ್ಲಿ ಭೂತ, ಭವಿಷ್ಯತ್ ಎಲ್ಲ ಕಲಿಸಿದ್ದರು,
ಇದಕ್ಕೊಂದು ಉತ್ತರ ಕಲಿಸಿರಲಿಲ್ಲ.

ಸೊಂಟದಿಂದ ಇನ್ನೊಂದು ಮೆಕಪಾಲ್ ಎಳೆದಳು,
ಗಂಡನದಂತೆ, ಬೆವರು ಕುಡಿದು ಕಪ್ಪಾದದ್ದು.
ಚೀಲಕ್ಕೆ ಹಗ್ಗ ಬಿಗಿದು, ಪಟ್ಟಿ ನನ್ನ ಹಣೆಗೆ ಸಿಕ್ಕಿಸಿ
ಕತ್ತು ತಗ್ಗಿಸು ಅಂತ ತಲೆಗೊಂದು ಮೊಟಕಿದಳು.

ಬೆಟ್ಟ ನೋಡಲೆಂದೇ ಬಂದವಳು ನಾನು.
ಹಣೆಯಿಂದ ಹೊರುವವರಿಗೆ ಬೆಟ್ಟ ಕಾಣುವುದಿಲ್ಲ.
ಕಾಣೋದು ನಾಲ್ಕು ಮೊಳ ನೆಲ:
ಕುರಿಹಿಕ್ಕೆ, ಚಿಪ್ಸ್ ಪೊಟ್ಟಣದ ಬೆಳ್ಳಿ ಹೊಟ್ಟೆ,
ಎಲ್ಲಿಂದಲೋ ಸೋರಿದ ಒಂದೇ ಒಂದು ಮೆಕ್ಕೆಜೋಳದ ಕಾಳು.
ಅದನ್ನವಳು ಹೊರೆಸಮೇತ ಬಗ್ಗಿ ಎತ್ತಿಕೊಂಡಳು.

ನಮ್ಮ ಕಡೆ ಹಣೇಲಿ ಬರೆದಿದೆ ಅಂತಾರೆ, ಅಂದೆ ಏದುಸಿರಲ್ಲಿ.
ಯಾರು ಬರೆಯೋದು?
ದೇವರು.
ಹ್ಞೂಂ, ಅಂದಳು. ಸ್ವಲ್ಪ ದೂರ ಏನೂ ಅನ್ನಲಿಲ್ಲ.
ಆಮೇಲೆ ಒಂದು ಬಂಡೆಗೆ ಹೊರೆ ಆನಿಸಿ, ಪಟ್ಟಿ ಸರಿಸಿದಳು.
ಕೂದಲಂಚಿನಲ್ಲಿ ಒಂದು ಬೋಳು ಹಾದಿ,
ಕಿವಿಯಿಂದ ಕಿವಿಗೆ.

ಅಡುಗೆಮನೆ ತುಂಬ ಸುಣ್ಣದಲ್ಲಿ ಬೆಂದ ಜೋಳದ ವಾಸನೆ.
ಮೊಮ್ಮಗಳು ಮಕಾರಿಯಾ, ಒಂಬತ್ತು ವರ್ಷ,
ಸುಂಕದ ಅಧಿಕಾರಿಯ ಗತ್ತಿನಲ್ಲಿ ನನ್ನ ಚೀಲ ಸುರಿದಳು:
ನೀರಿಗೆ ಹಾಕೋ ಮಾತ್ರೆ, ಮೂರು ಚಾರ್ಜರು,
ಕಾಲಿಗೆ ಇನ್ನೊಂದು ಜೊತೆ ಕಾಲು ಅನ್ನುವಂತೆ ಬೂಟು,
ಊದಿದರೆ ಉಬ್ಬುವ ದಿಂಬು.
ಗಾಳಿ ಹೊತ್ತು ತಂದಿದ್ದಾಳೆ! ಅಂತ ಮಾಮ್ ಭಾಷೆಯಲ್ಲಿ
ಗೋಡೆಯಾಚೆಯವರಿಗೂ ಕೂಗಿ ಹೇಳಿದಳು.
ನಕ್ಕೂ ನಕ್ಕೂ ರೊಟ್ಟಿ ಸೀದಿತು.
ಸೀದದ್ದನ್ನು ನನಗೆ ಕೊಡಲಿಲ್ಲ.

ಶನಿವಾರದ ಸಂತೆಯಲ್ಲಿ
ಕೆಂಪು ಪಟ್ಟೆ ಚಲ್ಲಣದ ಗಂಡಸರು, ಚರ್ಚಿನ ಗಂಟೆಯವನು,
ಹಲ್ಲಿಲ್ಲದ ಒಬ್ಬ ಮೇಣದಬತ್ತಿ ವ್ಯಾಪಾರಿ,
ಎಲ್ಲರದೂ ಒಂದೇ ಪ್ರಶ್ನೆ.
ಹಿಲಾರಿಯಾಳ ಆಲೂಗಡ್ಡೆ ಗುಡ್ಡೆಯ ಪಕ್ಕ
ನನಗೂ ಒಂದು ಗೋಣಿತುಂಡು ಹಾಸಿದ್ದಳು.
ನಾಚಿಕೆಗೆ, ತಲೆಗೆ ಕಟ್ಟುವ ಟಾರ್ಚ್ ತೆಗೆದಿಟ್ಟೆ.

ಮೇಲಿನ ಹಟ್ಟಿಯ ಕುರಿಕಾಯುವ ಹುಡುಗ ಪಾಸ್ಕ್ವಾಲ್
ಅದನ್ನು ಹಣೆಗೆ ಕಟ್ಟಿ, ಹಗಲಲ್ಲೇ ಹಚ್ಚಿ,
ಸೂರ್ಯನ ಕಡೆ ತಿರುಗಿ ನಿಂತ, ಪಂಥ ಕಟ್ಟಿದವನಂತೆ.
ಚೌಕಾಸಿ ನಡೆದದ್ದು ನನ್ನ ತಲೆಯ ಮೇಲೆ,
ನನಗೆ ಬಾರದ ಭಾಷೆಯಲ್ಲಿ, ನನ್ನ ಪರವಾಗಿಯೇ.
ಹಿಲಾರಿಯಾ ಎರಡು ಸಲ ಎದ್ದಳು, ಎರಡು ಸಲ ಕೂತಳು,
ಒಂದು ಸಲ ಅತ್ತಂತೆ ಮಾಡಿದಳು.
ಕೊನೆಗೆ ಇತ್ಯರ್ಥ: ಅರ್ಧ ಚೀಲ ಆಲೂಗಡ್ಡೆ.

ಛೊಂತೆ, ಅಂದೆ. ಅವಳು ಕಲಿಸಿದ ಒಂದೇ ಪದ, ಉಪಕಾರವಾಯಿತು ಅಂತ.
ಇನ್ನೂ ಅಲ್ಲ, ಮೊದಲು ಹೊರು, ಅಂದಳು.

ಭಾನುವಾರ ನಸುಕಿಗೆ ಅದೇ ತಿರುವು, ಅದೇ ಬಸ್ಸು.
ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು
ನನ್ನ ಹಣೆ ನೋಡಿದ, ಚೀಲ ನೋಡಿದ.
ಪೌಂಡಿಗೆ ಎಷ್ಟು?
ಐದು ಕೆತ್ಸಾಲ್, ಅಂದೆ, ಬಾಯಿಗೆ ಬಂದದ್ದು.
ಜಾಸ್ತಿಯಾಯಿತು, ಇಳಿಸು.
ಪಟ್ಟಿ ಸರಿಮಾಡಿಕೊಂಡು ಮೆಟ್ಟಿಲು ಹತ್ತಿದೆ.
ಇಳಿಸೋದಿಲ್ಲ, ಅಂದೆ.