ದಿ

ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಾಳಿಗೆ,
ಸಂಜೆ ಆರರಿಂದ ಏಳು, ತಿಂಗಳಿಗೆ ಮುನ್ನೂರು.
ಹವಾಲ್ದಾರ್ ಚೀಯಣ್ಣ ಕಲಿಸುವುದು
ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ದುಡಿದ ಇಂಗ್ಲಿಷು.
ಅವರ ವಾಕ್ಯಗಳು ಎದೆ ಸೆಟೆಸಿ ನಿಲ್ಲುತ್ತವೆ,
ನೀರು ಕೇಳಿದರೂ ಅಪ್ಪಣೆಯಂತೆ ಕೇಳುತ್ತದೆ.

ಬೆಂಚಿನ ಮೇಲೆ ದುಬಾರೆಯಲ್ಲಿ ರಾಫ್ಟು ನಡೆಸುವ ಶೌಕತ್,
ಸೇತುವೆಯಾಚೆಯಿಂದ ಬರುವ ಒಬ್ಬ ಎಳೆಯ ಭಿಕ್ಷು,
ಸೆಲೂನಿನ ಹುಡುಗರಿಬ್ಬರು,
ಕಾಫಿ ಕ್ಯೂರಿಂಗ್ ವರ್ಕ್ಸಿನ ನಾನು.
ಒಬ್ಬೊಬ್ಬರ ಮನೆಯಲ್ಲೂ ಒಂದೊಂದು ಮಾತು,
ಬೀದಿಗೆ ಬಂದರೆ ಇನ್ನೆರಡು.
ಆದರೂ ಎಲ್ಲರೂ ಎಡವಿದ್ದು ಒಂದೇ ಕಲ್ಲಿಗೆ.

‘ದಿ ಅಂದರೆ ಅರ್ಥ ಏನು ಸಾರ್?’
‘ಅರ್ಥ ಇಲ್ಲ. ಇರಬೇಕು, ಅಷ್ಟೆ.
ಟೋಪಿ ಇಲ್ಲದೆ ಪರೇಡಿಗೆ ಬರ್ತೀರಾ?’

ಸೂರ್ಯನಿಗೆ ಬೇಕಂತೆ, ಮಡಿಕೇರಿಗೆ ಬೇಡವಂತೆ.
ಕಾವೇರಿ ನದಿಯಾದರೆ ಬೇಕು,
ತಾಯಿಯಾದರೆ ಬೇಡ.
ಸಂಕ್ರಮಣದ ಹೊತ್ತು ಕುಂಡಿಕೆಯಲ್ಲಿ ಉಕ್ಕುವಾಗ
ಅವಳು ಯಾವುದು ಸಾರ್, ಎಂದೆ.
ಚೀಯಣ್ಣ ಚಾಕ್‌ಪೀಸು ಮೇಜಿನ ಮೇಲಿಟ್ಟರು.
ಅವತ್ತು ಹತ್ತು ನಿಮಿಷ ಮೊದಲೇ ಬಿಟ್ಟರು.

ಹದಿನಾಲ್ಕು ವರ್ಷ ಬೀಜ ಆಯುವ ಸಾಲಿನಲ್ಲಿ ಕೂತವಳು ನಾನು.
ಕರಿಬೀಜ, ಒಡಕು, ಹುಳುಕು, ಚಿಪ್ಪು
ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತಿದ್ದವು.
ವಾಕ್ಯ ಕೈಗೆ ಬಂದರೂ ಹಾಗೇ,
ಕೆಲಸವಿಲ್ಲದ ‘ದಿ’ಯನ್ನು ಹೆಕ್ಕಿ
ಪಕ್ಕದ ಡಬ್ಬಕ್ಕೆ ಎಸೆದುಬಿಡುತ್ತದೆ ಬೆರಳು.

ಹೋದ ವರ್ಷ ಮೇಲಿನ ಕೋಣೆಗೆ ಕರೆದರು,
ನನ್ನ ನಾಲಿಗೆ ಒಳ್ಳೆಯದಂತೆ.
ಮಾತಾಡುವುದಲ್ಲ, ರುಚಿ ನೋಡುವುದು.
ಚಮಚದಿಂದ ಸೊರ್ರೆಂದು ಹೀರಬೇಕು, ಉಗಿಯಬೇಕು.
ಹಾಗೆ ಸದ್ದು ಮಾಡಿದ್ದಕ್ಕೆ ಒಮ್ಮೆ
ಅವ್ವ ಸೌಟಿನಲ್ಲಿ ಬಾರಿಸಿದ್ದಳು;
ಈಗ ಅದಕ್ಕೇ ಸಂಬಳ.

ಫಾರಮ್ಮಿನಲ್ಲಿ ಅಚ್ಚಾಗಿವೆ ರುಚಿಗಳು:
ಬ್ಲೂಬೆರಿ, ಸೀಡರ್ ಮರ, ಮೇಪಲ್ ಪಾಕ.
ಒಂದನ್ನೂ ಕಂಡವಳಲ್ಲ.
ನನ್ನ ನಾಲಿಗೆಗೆ ಗೊತ್ತಿದ್ದದ್ದು ಕಾಚಂಪುಳಿ,
ಹುರಿದು ಸ್ವಲ್ಪ ಸೀದ ಎಳ್ಳು,
ಒದ್ದೆ ಸೌದೆಯ ಹೊಗೆ ಕುಡಿದ ಬೆಲ್ಲ.
ಅವಕ್ಕೆ ಕಾಲಮ್ಮಿಲ್ಲ.

ಮಾರ್ಚಿನಲ್ಲಿ ಫಿನ್‌ಲ್ಯಾಂಡಿನ ಪೆಕ್ಕಾ ಬಂದ.
ನನಗಿಂತ ಒಂದೂವರೆ ಮೊಳ ಎತ್ತರ,
ಬಿಸಿಲಿಗೆ ಕುತ್ತಿಗೆಯೆಲ್ಲ ಕೆಂಪು.
ಲಾಟ್ ಹದಿನೇಳನ್ನು ಹೀರಿದ, ಉಗಿದ, ನಿಂತ.
‘ಕಾಫಿ ಈಸ್ ಗುಡ್’ ಎಂದ. ‘ಬಟ್’ ಎಂದ.
ಬಟ್ ಆದಮೇಲೆ ತಾರಸಿ ನೋಡಿದ.
ಅವನ ಪದ ಅವನ ಊರಿನಲ್ಲೇ ಉಳಿದಿತ್ತು.
ನನ್ನದು ಬಾಯಲ್ಲೇ ಇತ್ತು, ಒಗರು,
ಹೊರಗೆ ಬಂದು ಏನು ಮಾಡೀತು?
ನಮ್ಮಿಬ್ಬರ ನಡುವೆ ಮೇಜಿನ ಮೇಲೆ
ಇಂಗ್ಲಿಷು ತೊಳೆದಿಟ್ಟ ಕಪ್ಪಿನ ಹಾಗೆ ಕೂತಿತ್ತು.

ಅವನು ಕೆನ್ನೆ ಒಳಗೆಳೆದುಕೊಂಡ.
ನಾನು ಎಳೆ ಬಾಳೆಕಾಯಿ ಕಚ್ಚಿದ ಮುಖ ಮಾಡಿದೆ.
‘ಯೆಸ್! ಯೆಸ್!’
ಮ್ಯಾನೇಜರು ಬಾಗಿಲಲ್ಲಿ ಇಣುಕಿ ಹೋದರು.

ಹೊರಡುವಾಗ ಕೇಳಿಯೇಬಿಟ್ಟೆ,
ನೀವೂ ‘ದಿ’ ಹಾಕುವುದಿಲ್ಲವಲ್ಲ?
ನಕ್ಕ. ನಮ್ಮ ಭಾಷೆಯಲ್ಲಿ ಅದು ಇಲ್ಲವೇ ಇಲ್ಲ,
ಬೇಕಾದಲ್ಲಿ ಮರೆಯುತ್ತೇನೆ,
ಬೇಡವಾದಲ್ಲಿ ನೆನಪಾಗುತ್ತದೆ, ಎಂದ.

ಆ ಸಂಜೆ ಮಾಳಿಗೆಯ ಮೆಟ್ಟಿಲು
ಎರಡೆರಡು ಹಾರಿ ಹತ್ತಿದೆ.
ಸಾರ್, ಫಿನ್‌ಲ್ಯಾಂಡಿನಲ್ಲೂ ಇಲ್ಲವಂತೆ!
ಚೀಯಣ್ಣ ಕನ್ನಡಕ ಒರೆಸಿ ಹಾಕಿಕೊಂಡರು.
‘ಅವನು ಕೊಳ್ಳುವವನು, ಮರೆತರೆ ನಡೆಯುತ್ತೆ.
ನೀನು ಮಾರುವ ಕಡೆಯವಳು.
ಹಾಕು.’

ಹಾಕಿದೆ. ಮರುದಿನದ ಫಾರಮ್ಮಿನಲ್ಲಿ ಎಲ್ಲಕ್ಕೂ ಟೋಪಿ:
ದಿ ಕಾಫಿ, ದಿ ಕಪ್, ದಿ ಲಾಟ್ ಸೆವೆಂಟೀನ್.
ಕೊನೆಯದು ತಪ್ಪಂತೆ, ನಂಬರಿಗೆ ಬೇಡವಂತೆ.
ಕೆಳಗೆ, ಷರಾ ಎಂಬ ಖಾಲಿ ಗೆರೆಯಲ್ಲಿ
ಇಂಗ್ಲಿಷ್ ಅಕ್ಷರ ಕೂಡಿಸಿ ಒಗರು ಎಂದು ಬರೆದೆ,
ಹಿಂದೆ ಮುಂದೆ ಏನೂ ಹಾಕದೆ.

ಮ್ಯಾನೇಜರು ಇನ್ನೂ ನೋಡಿಲ್ಲ.