ಮೂರನೇ ಕೌಂಟರ್

ರೂವಿಯ ಬೀದಿಗೆ ಮುಖ ಮಾಡಿದ ಈ ಎಕ್ಸ್‌ಚೇಂಜಿನಲ್ಲಿ
ಗಾಳಿ ಎಂದರೆ ಏಸಿಯ ಹಲ್ಲುಗಳಿಂದ ಬಂದದ್ದು ಮಾತ್ರ.
ಗಾಜಿನ ಮುಂದೆ ಗೇಣುದ್ದದ ಬಾವುಟಗಳು ಸಾಲಾಗಿ,
ಓದಲು ಬಾರದವರು ಬಣ್ಣ ನೋಡಿ ನಿಲ್ಲಲಿ ಎಂದು.

ನನ್ನದು ಮೂರನೆಯದು. ಆರು ವರ್ಷ ಟ್ಯೂಬ್‌ಲೈಟಿನ ಕೆಳಗೆ ನಿಂತು
ಕೇಸರಿ ಈರುಳ್ಳಿ ಸಿಪ್ಪೆಯಾಯಿತು, ಆಮೇಲೆ ಅದೂ ಅಲ್ಲ.
ಬಿಳಿ, ಬಿಳಿ, ಕೆಳಗಿಷ್ಟು ಹಸಿರು.
ದಿನಾ ನೋಡುವ ನನಗೆ ಗೊತ್ತೇ ಆಗಲಿಲ್ಲ.

ಗೊತ್ತಾದದ್ದು ಸುರಪುರದ ಹಣಮಂತ್ರಾಯನಿಂದ.
ಸಿಮೆಂಟು ಒಣಗಿದ ಬೂಟಿನಲ್ಲಿ, ಸಂಬಳದ ಶುಕ್ರವಾರ,
ಮುಕ್ಕಾಲು ಗಂಟೆ ನಾಲ್ಕನೇ ಸಾಲಿನಲ್ಲಿ ನಿಂತು
ಕಿಂಡಿಗೆ ಬಾಗಿ, ಯಾದಗಿರಿಯ ಬ್ಯಾಂಕಿನ ಹೆಸರು ಹೇಳಿದ
ಗುಜ್ರಾನ್‌ವಾಲಾದ ಶಗುಫ್ತಾಳಿಗೆ.
ಅವಳು ಬೈಯಲಿಲ್ಲ. ಪೆನ್ನಿನ ತುದಿಯನ್ನು ನನ್ನ ಕಡೆ ತಿರುಗಿಸಿದಳು.
"ಅಕ್ಕಾರ, ನಮ್ ಝಂಡಾ ತೆಗದೀರೇನ್ರಿ?" ಅಂದ ಬಂದು.
ಇಲ್ಲೇ ಇದೆಯಲ್ಲ ಎಂದು ತೋರಿಸಲು ಬೆರಳೆತ್ತಿದೆ.
ಬೆರಳು ಅಲ್ಲೇ ನಿಂತಿತು.

ಹೊಸದು ತರಿಸು, ಐದು ರಿಯಾಲ್ ದಾಟದಿರಲಿ,
ಅಂದರು ಮ್ಯಾನೇಜರ್ ಹಮೂದ್.
ಹಿಂದಿನ ಗಲ್ಲಿಯ ಟ್ರೋಫಿ ಅಂಗಡಿಯವ ಮೂರು ಕಳಿಸಿದ.
ಊಟದ ಹೊತ್ತಿಗೆ ಮೂರನ್ನೂ ಮೇಜಿನ ಮೇಲೆ ಹರವಿದೆ.

ಒಂದು ಸ್ಯಾಟಿನ್ನು, ಸುತ್ತ ಜರಿಯ ಕುಚ್ಚು.
ಶಗುಫ್ತಾ ಟಿಫಿನ್ ಹಿಡಿದು ಬಂದು ನೋಡಿ ಅಂದಳು,
ಇದನ್ನಿಟ್ಟರೆ ಜನ ಮುಯ್ಯಿ ಕೊಡಲು ನಿಲ್ತಾರೆ.

ಎರಡನೆಯದು ಪ್ಲಾಸ್ಟಿಕ್. ಬಾಡುವುದಿಲ್ಲ, ಬಾಗುವುದಿಲ್ಲ,
ಒರೆಸಿದರೆ ಮತ್ತೆ ಹೊಸದು. ಇದೇ ಇರಲಿ ಅಂದುಕೊಂಡೆ.
ಆದರೆ ಕೈಯ ಚಟ: ಗುಂಡುಪಿನ್ನಿನ ಮೊನೆಯಿಂದ
ಚಕ್ರದ ಅರಗಳನ್ನು ಎಣಿಸಿದೆ. ಇಪ್ಪತ್ತೊಂದು.
ಕ್ಯಾಷು ಕಡಿಮೆ ಬಿದ್ದ ಸಂಜೆಯ ಹಾಗೆ ಬೆವರು.
ಮೊದಲಿಂದ ಎಣಿಸಿದೆ. ಇಪ್ಪತ್ತೊಂದೇ.
ಫೋನು ಮಾಡಿದರೆ ಅಂಗಡಿಯವ ನಕ್ಕ: ಅದನ್ನು ಯಾರು ಎಣಿಸ್ತಾರೆ, ಮೇಡಂ?
ಹದಿನಾಲ್ಕು ವರ್ಷದಿಂದ ನಾನು ಮಾಡಿದ್ದು ಅದೊಂದೇ ಕೆಲಸ.

ಮೂರನೆಯದು ಹತ್ತಿ. ಅಂಚಿನ ಹೊಲಿಗೆ ಒಂದು ಕಡೆ ಸೊಟ್ಟ.
ಅರ ಇಪ್ಪತ್ನಾಲ್ಕು, ಒಂದರಲ್ಲಿ ಮಾತ್ರ ಶಾಯಿ ಹರಡಿತ್ತು.
ಕೋಲಿಗೆ ಸಿಕ್ಕಿಸಿದರೆ ಒದ್ದೆ ಟವೆಲಿನಂತೆ ಜೋತುಬಿತ್ತು,
ಚಕ್ರ ಮಡಿಕೆಯೊಳಗೆ ಹೋಯಿತು.
ತಂತಿ ಸೇರಿಸಿ ನೆಟ್ಟಗೆ ನಿಲ್ಲಿಸಿಕೊಡ್ತೇನೆ ಅಂದ.
ಬೇಡ ಮಾರಾಯ. ಎಂಟು ತಾಸು ನೆಟ್ಟಗೆ ಕೂರುವವಳು ನಾನಿದ್ದೇನೆ,
ಅದಾದರೂ ಜೋತುಕೊಳ್ಳಲಿ.

ಹಳೆಯದನ್ನು ಕಸದ ಡಬ್ಬಕ್ಕೆ ಹಾಕಲು ಕೈ ಬರಲಿಲ್ಲ.
ಮಡಚಿ, ಕೆಳಗಿನ ಡ್ರಾಯರಿನಲ್ಲಿ,
ಚಲಾವಣೆ ನಿಂತ ನೋಟುಗಳ ಲಕೋಟೆಯ ಪಕ್ಕ ಇಟ್ಟೆ.

ಈಗ ಬಾಗಿಲು ಸರಿದಾಗಲೆಲ್ಲ ಬೀದಿಯ ಬಿಸಿ ಒಳನುಗ್ಗುತ್ತದೆ.
ಬಟ್ಟೆ ಒಮ್ಮೆ ಏಳುತ್ತದೆ, ಚಕ್ರ ಕಾಣುತ್ತದೆ,
ಯಾರೋ ಒಳಗೆ ಬರುವಷ್ಟು ಹೊತ್ತು.

ಮುಂದಿನ ಸಂಬಳಕ್ಕೆ ಹಣಮಂತ್ರಾಯ ಬಂದ. ಸರಿಯಾದ ಸಾಲು.
ಎಪ್ಪತ್ತು ರಿಯಾಲನ್ನು ಕಿಂಡಿಯಲ್ಲಿ ತಳ್ಳುವ ಮೊದಲು
ಬಾವುಟದ ಅಂಚನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದ,
ಸಂತೆಯಲ್ಲಿ ಧೋತರ ಕೊಳ್ಳುವವನ ಹಾಗೆ.
"ಅರಿಬಿ ಚಲೋ ಐತ್ರಿ. ಇವತ್ತ ರೇಟ್ ಹೆಂಗೈತಿ?"
ರೂಪಾಯಿ ಬಿದ್ದಿದೆ ಅಂದೆ.
"ಚಲೋ ಆತು ಬಿಡ್ರಿ," ಅಂದು ಹಲ್ಲು ಬಿಟ್ಟು
ಒಳಜೇಬಿನಿಂದ ಇನ್ನೂ ಹತ್ತು ತೆಗೆದ.